ಓದುಗರ ಪ್ರಶ್ನೆ, ನಮ್ಮ ಉತ್ತರ: ಸೇನೆಯ ಹಿತ್ತಾಳೆ ಖೋಕಾಗಳು

ಈ ಸಂಚಿಕೆಗೆ ಆಯ್ದುಕೊಂಡ ಪತ್ರಗಳೆಲ್ಲ ಒಂದೇ ವಸ್ತುವಿಗೆ ಸಂಬಂಧಿಸಿವೆ. ಸೇನೆಯ ಬಂದೂಕುಗಳಲ್ಲಿ ಒಮ್ಮೆ ಹಾರಿಸಿದ ಮೇಲೆ ಉಳಿಯುವ ಹಿತ್ತಾಳೆಯ ಖಾಲಿ ತೋಟಾವನ್ನು ಎನ್‌ಸಿಸಿ ಹುಡುಗರಿಂದ ಹಿಡಿದು ನಿವೃತ್ತ ಸೈನಿಕರವರೆಗೆ ಅನೇಕರು ಖೋಕಾ ಎಂದೇ ಕರೆಯುತ್ತಾರೆ. ಅದಕ್ಕೆ ಹೊಸ ಕೇಪು (ಏಟು ಬಿದ್ದಾಗ ಸಿಡಿದು ಮದ್ದಿಗೆ ಬೆಂಕಿ ಹೊತ್ತಿಸುವ ತಳದ ಪುಟ್ಟ ಬಿಲ್ಲೆ), ಹೊಸ ಮದ್ದು, ಹೊಸ ಗುಂಡು ಹಾಕಿ ಮತ್ತೆ ಬಳಸುವ ಕೆಲಸವೇ ರೀಲೋಡಿಂಗ್. ಕೆಲವು ದೇಶಗಳಲ್ಲಿ ಇದು ಕಾನೂನು ಒಪ್ಪಿದ ಹವ್ಯಾಸ, ನಮ್ಮಲ್ಲಿ ಹಾಗಲ್ಲ. ಎರಡೂ ಕಡೆಯ ಪತ್ರಗಳು ಬಂದಿರುವುದರಿಂದ ಉತ್ತರಗಳನ್ನು ಓದುವಾಗ ಯಾವ ಮಾತು ಯಾವ ನೆಲಕ್ಕೆ ಸೇರಿದ್ದೆಂಬುದನ್ನು ದಯವಿಟ್ಟು ಗಮನದಲ್ಲಿಟ್ಟುಕೊಳ್ಳಬೇಕು.

ಪ್ರಶ್ನೆ: ನನ್ನ ಮಗ ಅಮೆರಿಕದ ಅರಿಜೋನಾದಲ್ಲಿ ನೆಲೆಸಿದ್ದಾನೆ. ಅಲ್ಲಿಯ ಶೂಟಿಂಗ್ ಕ್ಲಬ್ಬಿನ ಸದಸ್ಯನಾಗಿದ್ದು, ಇತ್ತೀಚೆಗೆ ಸೇನೆಯವರು ಬಳಸಿ ಮಾರಿದ 7.62 ಮಿ.ಮೀ. ಖೋಕಾಗಳ ಒಂದು ಚೀಲವನ್ನೇ ಕೊಂಡು ತಂದಿದ್ದಾನೆ. ಅಗ್ಗವಾಗಿ ಸಿಕ್ಕಿತೆಂದು ಅವನಿಗೆ ಸಂತೋಷ, ನನಗೆ ಮಾತ್ರ ರಾತ್ರಿ ನಿದ್ದೆ ಬರುತ್ತಿಲ್ಲ. ಬಳಸಿದ ತೋಟಾವನ್ನು ಮತ್ತೆ ತುಂಬಿಸಿ ಹಾರಿಸುವುದು ಕ್ಷೇಮವೇ?
ನಿವೃತ್ತ ಶಿಕ್ಷಕರು, ಸರಸ್ವತಿಪುರಂ, ಮೈಸೂರು

ಉತ್ತರ: ನಿಮ್ಮ ಆತಂಕ ಸಹಜವಾದದ್ದೇ. ಆದರೆ ನಿಮ್ಮ ಮಗ ಮಾಡುತ್ತಿರುವುದು ಅಲ್ಲಿ ಬಹಳ ಹಿಂದಿನಿಂದ ನಡೆದುಬಂದ, ಶಿಸ್ತಿನಿಂದ ಮಾಡಿದರೆ ಅಪಾಯ ಕಡಿಮೆಯಿರುವ ಕೆಲಸ. ಎಲ್ಲವೂ ಆ ಶಿಸ್ತಿನ ಮೇಲೆಯೇ ನಿಂತಿದೆ.

ತೋಟಾದಲ್ಲಿ ಇರುವುದು ನಾಲ್ಕೇ ಭಾಗ: ಕೇಪು, ಮದ್ದು, ಗುಂಡು ಮತ್ತು ಈ ಮೂರನ್ನೂ ಹಿಡಿದಿಟ್ಟುಕೊಳ್ಳುವ ಹಿತ್ತಾಳೆಯ ಕೋಶ. ಹಾರಿಸಿದಾಗ ಕೇಪು ಸಿಡಿದುಹೋಗುತ್ತದೆ, ಮದ್ದು ಉರಿದುಹೋಗುತ್ತದೆ, ಗುಂಡು ಹೊರಟುಹೋಗುತ್ತದೆ, ಕೋಶವೊಂದೇ ಕೈಗೆ ಉಳಿಯುತ್ತದೆ. ನಾಲ್ಕರಲ್ಲಿ ತಯಾರಿಸಲು ಹೆಚ್ಚು ಶ್ರಮ ಬೇಡುವುದೂ ಅದೇ ಆದ್ದರಿಂದ ಅದನ್ನು ಎಸೆಯಲು ಹವ್ಯಾಸಿಗಳಿಗೆ ಮನಸ್ಸು ಬರುವುದಿಲ್ಲ.

ಈ ಕೋಶ ಮಾಡುವ ಕೆಲಸ ಸಣ್ಣದಲ್ಲ. 7.62 ಮಿ.ಮೀ. ಸೇನಾ ತೋಟಾದ ನಾಗರಿಕ ರೂಪವೆನ್ನಬಹುದಾದ .308 ವಿಂಚೆಸ್ಟರ್ ತೋಟಾಕ್ಕೆ ಅಮೆರಿಕದ ತಯಾರಕರ ಮಾನದಂಡ ಒಪ್ಪುವ ಗರಿಷ್ಠ ಒತ್ತಡ ಒಂದು ಚದರ ಅಂಗುಲಕ್ಕೆ 62,000 ಪೌಂಡು. ಕಾರಿನ ಟೈರಿಗೆ ನಾವು ತುಂಬಿಸುವ ಗಾಳಿ 32 ಪೌಂಡಿನ ಆಸುಪಾಸಿನಲ್ಲಿರುತ್ತದೆ ಎಂದು ನೆನೆದರೆ ಆ ಒತ್ತಡ ಎಷ್ಟೆಂಬುದು ಮನಸ್ಸಿಗೆ ಹತ್ತುತ್ತದೆ. ಅದನ್ನು ತಡೆದು ನಿಲ್ಲಿಸುವುದು ಬಂದೂಕಿನಲ್ಲಿ ತೋಟಾ ಕೂರುವ ಗೂಡಾದ ಚೇಂಬರ್ ಮತ್ತು ಅದರ ಹಿಂಬದಿಯನ್ನು ಮುಚ್ಚುವ ಬೋಲ್ಟಿನ ಉಕ್ಕು. ಹಿತ್ತಾಳೆಯ ಪಾಲಿಗೆ ಬಂದಿರುವುದು ಆ ಕ್ಷಣದಲ್ಲಿ ಉಬ್ಬಿ ಚೇಂಬರಿನ ಗೋಡೆಗೆ ಅಂಟಿಕೊಂಡು ಬಿಸಿ ಅನಿಲ ಹಿಂದಕ್ಕೆ, ಅಂದರೆ ಹಾರಿಸುವವನ ಮುಖದ ಕಡೆಗೆ, ನುಗ್ಗದಂತೆ ಬಾಯಿ ಮುಚ್ಚುವ ಕೆಲಸ. ಒತ್ತಡ ಇಳಿದ ಕೂಡಲೇ ಅದು ತುಸು ಕುಗ್ಗುವುದರಿಂದಲೇ ಖೋಕಾ ಸಲೀಸಾಗಿ ಹೊರಬರುತ್ತದೆ. ಸೇ. 70ರಷ್ಟು ತಾಮ್ರ ಮತ್ತು ಸೇ. 30ರಷ್ಟು ಸತು ಬೆರೆತ ಹಿತ್ತಾಳೆಗೆ ಈ ಎರಡೂ ಗುಣಗಳಿರುವ ಕಾರಣ ಇಷ್ಟು ವರ್ಷಗಳಾದರೂ ಅದರ ಜಾಗ ಬೇರೆ ಲೋಹಕ್ಕೆ ಪೂರ್ತಿಯಾಗಿ ದಕ್ಕಿಲ್ಲ.

ಇನ್ನು ಸೇನೆಯ ಖೋಕಾದ ವಿಷಯಕ್ಕೆ ಬರುತ್ತೇನೆ. ಸೇನೆ ತೋಟಾವನ್ನು ಒಂದೇ ಬಾರಿಯ ಬಳಕೆಗೆಂದು ಮಾಡಿಸುತ್ತದೆ, ಅದೂ ಮಳೆ, ಧೂಳು, ಮೆಷಿನ್‌ಗನ್ನಿನ ಒರಟುತನ ಎಲ್ಲವನ್ನೂ ತಾಳಿಕೊಂಡು ತಪ್ಪದೆ ಸಿಡಿಯಬೇಕೆಂಬ ಒಂದೇ ಗುರಿಯಿಂದ. ಅದನ್ನು ಯಾರೋ ಮತ್ತೆ ತುಂಬಿಸಿಯಾರು ಎಂಬ ಯೋಚನೆ ಆ ವಿನ್ಯಾಸದಲ್ಲಿ ಇರುವುದೇ ಇಲ್ಲ. ಮೊದಲ ತೊಡಕು ಕೇಪಿನಲ್ಲಿಯೇ ಎದುರಾಗುತ್ತದೆ. ವೇಗವಾಗಿ ಹಾರುವ ಬಂದೂಕಿನಲ್ಲಿ ಕೇಪು ಸಡಿಲಗೊಂಡು ಯಂತ್ರದೊಳಗೆ ಬಿದ್ದರೆ ಇಡೀ ಬಂದೂಕು ಸಿಕ್ಕಿಕೊಳ್ಳುತ್ತದೆ. ಆದ್ದರಿಂದ ಕಾರ್ಖಾನೆಯಲ್ಲಿ ಕೇಪನ್ನು ಕೂರಿಸಿದ ಮೇಲೆ ಅದರ ಸುತ್ತಲಿನ ಹಿತ್ತಾಳೆಯನ್ನು ಉಂಗುರದಂತೆ ಒಳಕ್ಕೆ ಒತ್ತಿಬಿಡುತ್ತಾರೆ, ಇಲ್ಲವೇ ಮೂರು ಕಡೆ ಉಳಿಯಿಂದ ಹೊಡೆದಂತೆ ಗುರುತು ಹಾಕಿ ಬಿಗಿಯುತ್ತಾರೆ. ಹಳೆಯ ಕೇಪನ್ನು ಹೊರಗೆ ತಳ್ಳಿದ ಮೇಲೂ ಈ ತುಟಿ ಅಲ್ಲಿಯೇ ಉಳಿದಿರುತ್ತದೆ. ಅದನ್ನು ಕೆತ್ತಿ ತೆಗೆಯದೆ ಅಥವಾ ಸರಿಯಾದ ಉಪಕರಣದಿಂದ ಒತ್ತಿ ಸಮ ಮಾಡದೆ ಹೊಸ ಕೇಪನ್ನು ಬಲವಂತವಾಗಿ ತುರುಕಿದರೆ, ಅದು ಸೊಟ್ಟಗೆ ಕೂರುತ್ತದೆ, ಕೆಲವೊಮ್ಮೆ ಕೈಯಲ್ಲಿಯೇ ಸಿಡಿಯುತ್ತದೆ. ಹಾಗೆಂದು ಹೆಚ್ಚು ಕೆತ್ತಿದರೆ ಗುಳಿ ಸಡಿಲವಾಗಿ ಮುಂದಿನ ಹೊಡೆತದಲ್ಲಿ ಅನಿಲ ಅಲ್ಲಿಂದಲೇ ಸೋರುತ್ತದೆ.

ಎರಡನೆಯ ತೊಡಕು ಕಣ್ಣಿಗೆ ಕಾಣುವುದಿಲ್ಲ. ನನಗೆ ಹೆಚ್ಚು ಭಯ ಹುಟ್ಟಿಸುವುದು ಇದೇ. ಮೆಷಿನ್‌ಗನ್ನಿನ ಚೇಂಬರು, ಕೊಳೆ ತುಂಬಿದ್ದರೂ ತೋಟಾ ಒಳಗೆ ಹೋಗಲೇಬೇಕೆಂಬ ಕಾರಣಕ್ಕೆ, ತುಸು ಉದಾರವಾದ ಅಳತೆಯಲ್ಲಿರುತ್ತದೆ. ಹಾರಿಸಿದಾಗ ಖೋಕಾದ ಮುಂಭಾಗ ಗೋಡೆಗೆ ಅಂಟಿಕೊಂಡು ನಿಲ್ಲುತ್ತದೆ, ದಪ್ಪ ತಳ ಮಾತ್ರ ಬೋಲ್ಟಿನವರೆಗೆ ಹಿಂದಕ್ಕೆ ಸರಿಯುತ್ತದೆ. ಈ ಎಳೆದಾಟದಲ್ಲಿ ಹಿತ್ತಾಳೆ ಹಿಗ್ಗುವುದು ತಳಕ್ಕಿಂತ ಸ್ವಲ್ಪ ಮೇಲೆ, ಒಂದು ಕಿರಿದಾದ ಉಂಗುರದಲ್ಲಿ. ನನ್ನ ಮೇಜಿನ ಮೇಲೆ ಹ್ಯಾಕ್ಸಾದಿಂದ ಉದ್ದಕ್ಕೆ ಸೀಳಿದ ಅಂಥದೊಂದು ಖೋಕಾ ಇದೆ. ತಳ ಗಟ್ಟಿಯಾಗಿ ದಪ್ಪಗಿದೆ, ಅಲ್ಲಿಂದ ಗೋಡೆ ಮೇಲೇರುತ್ತ ಕ್ರಮವಾಗಿ ತೆಳುವಾಗುತ್ತದೆ. ಆದರೆ ತಳ ಮುಗಿದು ಗೋಡೆ ಶುರುವಾಗುವ ಜಾಗದಲ್ಲಿ, ಉಗುರಿನಲ್ಲಿ ಗೀರಿದ ಹಾಗೆ, ಸುತ್ತಲೂ ಒಂದು ತಗ್ಗು ಕಾಣುತ್ತದೆ. ಅಲ್ಲಿ ಹಿತ್ತಾಳೆ ಕಾಗದದಷ್ಟೇ ಉಳಿದಿದೆ. ಹೊರಗಿನಿಂದ ನೋಡಿದರೆ ಅದೇ ಜಾಗದಲ್ಲಿ ಉಳಿದ ಭಾಗಕ್ಕಿಂತ ಹೊಳಪಾದ ಒಂದು ಸಣ್ಣ ಗೆರೆ ಇದೆ, ಅಷ್ಟೇ. ಇನ್ನೊಮ್ಮೆ ತುಂಬಿಸಿ ಹಾರಿಸಿದ್ದರೆ ಖೋಕಾ ಅಲ್ಲಿಯೇ ಎರಡು ತುಂಡಾಗಿ, ಮುಂದಿನ ಅರ್ಧ ಚೇಂಬರಿನಲ್ಲಿ ಸಿಕ್ಕಿಕೊಂಡು, ಅನಿಲ ಬೋಲ್ಟಿನ ಸುತ್ತ ಹೊರಗೆ ನುಗ್ಗುತ್ತಿತ್ತು.

ಇದನ್ನು ಕಂಡುಹಿಡಿಯಲು ಯಂತ್ರವೇನೂ ಬೇಕಿಲ್ಲ. ಗಟ್ಟಿ ತಂತಿಯೊಂದರ ತುದಿಯನ್ನು ಚೂಪು ಮಾಡಿ, ಕೊಕ್ಕೆಯಂತೆ ಬಗ್ಗಿಸಿ, ಖೋಕಾದ ಬಾಯಿಂದ ಒಳಗಿಳಿಸಿ ತಳದಿಂದ ಮೇಲಕ್ಕೆ ಗೋಡೆಗುಂಟ ನಿಧಾನವಾಗಿ ಎಳೆಯಬೇಕು. ಗೋಡೆ ನುಣುಪಾಗಿದ್ದರೆ ತಂತಿ ಜಾರುತ್ತ ಬರುತ್ತದೆ. ತಗ್ಗಿದ್ದರೆ ತುದಿ ಅಲ್ಲಿ ತೊಡರಿ ನಿಂತು ಬೆರಳಿಗೆ ತಿಳಿಯುತ್ತದೆ. ನಿಮ್ಮ ಮಗ ಚೀಲದ ಪ್ರತಿಯೊಂದು ಖೋಕಾವನ್ನೂ ಹೀಗೆ ನೋಡುತ್ತಾನೆಯೇ, ಅಥವಾ ಬೊಗಸೆಯಲ್ಲಿ ನಾಲ್ಕು ತೆಗೆದು ನೋಡಿ ಉಳಿದದ್ದನ್ನು ನಂಬಿಬಿಡುತ್ತಾನೆಯೇ ಎಂಬುದೊಂದನ್ನು ಮೊದಲು ಕೇಳಿ. ಚೀಲದಲ್ಲಿ ಯಾವುದು ರೈಫಲ್ಲಿನಲ್ಲಿ ಹಾರಿದ್ದು, ಯಾವುದು ಮೆಷಿನ್‌ಗನ್ನಿನಲ್ಲಿ ಹಾರಿದ್ದು ಎಂದು ಹೇಳುವವರಿಲ್ಲ. ಆದ್ದರಿಂದ ಒಂದನ್ನು ಪರೀಕ್ಷಿಸಿದ್ದು ಪಕ್ಕದ್ದಕ್ಕೆ ಅನ್ವಯಿಸುವುದಿಲ್ಲ.

ಮೂರನೆಯದು ಗೋಡೆಯ ದಪ್ಪ. 7.62 ಮಿ.ಮೀ. ಸೇನಾ ಖೋಕಾಗಳು ಸಾಮಾನ್ಯವಾಗಿ ಅಂಗಡಿಯ .308 ಖೋಕಾಗಳಿಗಿಂತ ಭಾರವಾಗಿರುತ್ತವೆ. ಹೊರಗಿನ ಅಳತೆ ಒಂದೇ ಇರುವಾಗ ಹೆಚ್ಚುವರಿ ಹಿತ್ತಾಳೆ ಒಳಗಿನ ಜಾಗವನ್ನು ತಿನ್ನುತ್ತದೆ. ಜಾಗ ಕಡಿಮೆಯಾದರೆ, ಅದೇ ತೂಕದ ಮದ್ದು ಹೆಚ್ಚು ಒತ್ತಡ ಹುಟ್ಟಿಸುತ್ತದೆ. ಅಂಗಡಿಯ ಖೋಕಾಗಳಲ್ಲಿ ಪರೀಕ್ಷಿಸಿ ಮುದ್ರಿಸಿದ ಕೈಪಿಡಿಯ ಗರಿಷ್ಠ ಅಳತೆಯನ್ನು ಸೇನೆಯ ಖೋಕಾಕ್ಕೆ ಹಾಗೆಯೇ ಸುರಿಯಬಾರದೆಂದೂ, ಸುಮಾರು ಸೇ. 10ರಷ್ಟು ಕಡಿಮೆಯಿಂದ ಆರಂಭಿಸಿ ಒತ್ತಡದ ಚಿಹ್ನೆಗಳನ್ನು ನೋಡುತ್ತ ನಿಧಾನವಾಗಿ ಮೇಲೇರಬೇಕೆಂದೂ ಅಲ್ಲಿಯ ಅನುಭವಿಗಳು ಹೇಳುವುದು ಇದಕ್ಕಾಗಿಯೇ. ಬೇರೆ ಬೇರೆ ಕಾರ್ಖಾನೆಗಳ ಖೋಕಾಗಳನ್ನು ಬೆರೆಸಿ ತುಂಬಿಸಿದರೆ ಒಂದೊಂದು ಹೊಡೆತದ ಒತ್ತಡವೂ ಒಂದೊಂದು ರೀತಿಯಾಗುತ್ತದೆ. ಆದ್ದರಿಂದ ತಳದ ಮುದ್ರೆ ನೋಡಿ ವಿಂಗಡಿಸುವುದು ಮೊದಲ ಕೆಲಸ. ಎಲ್‌ಸಿ ಎಂಬ ಅಕ್ಷರಗಳಿದ್ದರೆ ಅದು ಮಿಸೌರಿ ರಾಜ್ಯದಲ್ಲಿ 1941ರಲ್ಲಿ ಸ್ಥಾಪಿತವಾದ ಲೇಕ್ ಸಿಟಿ ಸೇನಾ ಕಾರ್ಖಾನೆಯದು, ಜೊತೆಗಿರುವ ಎರಡು ಅಂಕಿಗಳು ತಯಾರಾದ ವರ್ಷವನ್ನು ಹೇಳುತ್ತವೆ, ವೃತ್ತದೊಳಗಿನ ಕೂಡುಚಿಹ್ನೆ ನ್ಯಾಟೋ ಮಾನದಂಡದ ಗುರುತು.

ಹಾರಿಸಿದ ಖೋಕಾವನ್ನು ಡೈ ಎಂಬ ಉಕ್ಕಿನ ಅಚ್ಚಿನಲ್ಲಿ ಒತ್ತಿ ಮೊದಲ ಅಳತೆಗೆ ತರುವಾಗ ಭುಜವನ್ನು, ಅಂದರೆ ಕುತ್ತಿಗೆಯತ್ತ ಕಿರಿದಾಗುವ ಇಳಿಜಾರನ್ನು, ಬೇಕಾದ್ದಕ್ಕಿಂತ ಹಿಂದಕ್ಕೆ ತಳ್ಳಿದರೆ, ಮೇಲೆ ಹೇಳಿದ ಹಿಗ್ಗುವಿಕೆ ಪ್ರತಿ ಹೊಡೆತದಲ್ಲೂ ಮತ್ತೆ ಆಗುತ್ತದೆ. ಅಂದರೆ ಮಷೀನ್‌ಗನ್ ಮಾಡಿದ ಕೇಡನ್ನು ಮನೆಯ ಡೈಯೇ ಮುಂದುವರಿಸುತ್ತದೆ. ಒತ್ತಿದಾಗ ಕುತ್ತಿಗೆ ಉದ್ದವಾಗುವುದರಿಂದ ಅಳೆದು ಕತ್ತರಿಸುವುದೂ ಇದೆ. ಸಂಶಯ ಬಂದ ಖೋಕಾವನ್ನು ಇಕ್ಕಳದಲ್ಲಿ ಚಪ್ಪಟೆ ಮಾಡಿ ಗುಜರಿಗೆ ಹಾಕುವುದು ಒಳ್ಳೆಯದು, ಇಲ್ಲವಾದರೆ ಅದು ಹೇಗೋ ಒಳ್ಳೆಯದರ ರಾಶಿಗೆ ವಾಪಸು ಸೇರಿಕೊಳ್ಳುತ್ತದೆ. ನಿಮ್ಮ ಮಗ ಇಷ್ಟನ್ನೂ ತಾಳ್ಮೆಯಿಂದ ಮಾಡುವವನಾದರೆ ನೀವು ನಿಶ್ಚಿಂತೆಯಿಂದ ಮಲಗಬಹುದು. ಸಮಯವಿಲ್ಲವೆನ್ನುವವನಾದರೆ ಅಂಗಡಿಯ ಹೊಸ ತೋಟಾ ಕೊಳ್ಳಲು ಹೇಳಿ, ತಂದೆಯ ಮಾತನ್ನು ಈ ಒಂದು ವಿಷಯದಲ್ಲಾದರೂ ಕೇಳಲಿ.

ಪ್ರಶ್ನೆ: ನಾನು ಮೆಕ್ಯಾನಿಕಲ್ ಎಂಜಿನಿಯರಿಂಗ್ ವಿದ್ಯಾರ್ಥಿ. ಕೇಪು ತೆಗೆದ ಎರಡು ಹಳೆಯ ಖೋಕಾಗಳ ಒಳಗೆ ಟಾರ್ಚ್ ಬಿಟ್ಟು ನೋಡಿದಾಗ, ಒಂದರ ತಳದಲ್ಲಿ ನಟ್ಟನಡುವೆ ಒಂದೇ ರಂಧ್ರವಿತ್ತು, ಇನ್ನೊಂದರಲ್ಲಿ ಪಕ್ಕಪಕ್ಕಕ್ಕೆ ಎರಡು ಸಣ್ಣ ರಂಧ್ರಗಳಿದ್ದವು. ಈ ವ್ಯತ್ಯಾಸ ಏಕೆ?
ಓದುಗ, ಮಂಡ್ಯ

ಉತ್ತರ: ನೀವು ನೋಡಿದ್ದು ಎರಡು ಪದ್ಧತಿಗಳನ್ನು. ಕೇಪು ಸಿಡಿಯಬೇಕಾದರೆ ಅದರೊಳಗಿನ ಮಸಾಲೆಯನ್ನು ಹೊಡೆತದ ಮೊಳೆಗೂ ಒಂದು ಗಟ್ಟಿ ಅಡಿಗಲ್ಲಿಗೂ ನಡುವೆ ಜಜ್ಜಬೇಕು. ಆ ಅಡಿಗಲ್ಲು ಕೇಪಿನೊಳಗೇ ಪುಟ್ಟ ಬಿಡಿಭಾಗವಾಗಿ ಕುಳಿತಿದ್ದರೆ ಅದು ಬಾಕ್ಸರ್ ಪದ್ಧತಿ, ಆಗ ಬೆಂಕಿ ಒಳಗೆ ಹೋಗಲು ನಡುವಿನ ಒಂದೇ ರಂಧ್ರ ಸಾಕು. ಅಡಿಗಲ್ಲು ಖೋಕಾದ ಹಿತ್ತಾಳೆಯಲ್ಲೇ ಸಣ್ಣ ಗುಬುಟಾಗಿ ಮೂಡಿದ್ದರೆ ಅದು ಬರ್ಡನ್ ಪದ್ಧತಿ, ನಡುವೆ ಗುಬುಟು ಇರುವುದರಿಂದ ರಂಧ್ರಗಳು ಅದರ ಎರಡು ಬದಿಗೆ ಸರಿಯುತ್ತವೆ. ಎರಡೂ 1860ರ ದಶಕದಲ್ಲಿ ಬಂದವು. ಎಡ್ವರ್ಡ್ ಬಾಕ್ಸರ್ ಬ್ರಿಟಿಷ್ ಸೇನಾಧಿಕಾರಿ, ಹೈರಮ್ ಬರ್ಡನ್ ಅಮೆರಿಕದವನು. ಬ್ರಿಟಿಷನ ಪದ್ಧತಿ ಅಮೆರಿಕದಲ್ಲಿ ಬೇರೂರಿತು, ಅಮೆರಿಕದವನದ್ದು ಯುರೋಪಿನ ಸೇನೆಗಳಲ್ಲಿ ಉಳಿಯಿತು. ನಮ್ಮ ದೇಶದಲ್ಲಿ ದಶಕಗಳ ಕಾಲ ಬಳಕೆಯಲ್ಲಿದ್ದ .303 ಸೇನಾ ತೋಟಾಗಳೂ ಬರ್ಡನ್ ಜಾತಿಯವೇ.

ರೀಲೋಡಿಂಗ್ ಮಾಡುವವರಿಗೆ ಈ ವ್ಯತ್ಯಾಸವೇ ಗಡಿರೇಖೆ. ಅವರ ಡೈಯಲ್ಲಿ ಹಳೆಯ ಕೇಪನ್ನು ತಳ್ಳುವ ಸೂಜಿ ನಡುವಿನ ರಂಧ್ರದ ಮೂಲಕ ಇಳಿಯುತ್ತದೆ. ಬರ್ಡನ್ ಖೋಕಾ ಸಿಕ್ಕಿದರೆ ಆ ಸೂಜಿ ಗುಬುಟಿಗೆ ಬಡಿದು ಮುರಿಯುತ್ತದೆ. ಅಂಥ ಕೇಪನ್ನು ನೀರಿನ ಒತ್ತಡದಿಂದಲೋ ಹೊರಗಿನಿಂದ ಕೊಕ್ಕೆ ಹಾಕಿಯೋ ತೆಗೆಯುವವರಿದ್ದಾರೆ, ಆದರೆ ತೆಗೆದ ಮೇಲೆ ಸರಿಹೊಂದುವ ಹೊಸ ಬರ್ಡನ್ ಕೇಪು ಸಿಗುವುದು ಕಷ್ಟ. ಆದ್ದರಿಂದ ಹೆಚ್ಚಿನವರು ಅವನ್ನು ಬದಿಗಿಡುತ್ತಾರೆ.

ಹಳೆಯ ಕೇಪಿನ ಮಸಾಲೆಯೂ ಖೋಕಾದ ಆಯುಸ್ಸನ್ನು ನಿರ್ಧರಿಸುತ್ತದೆ ಎಂಬುದನ್ನು ಇಲ್ಲಿಯೇ ಹೇಳಿಬಿಡುತ್ತೇನೆ. ಪಾದರಸದ ಸಂಯುಕ್ತವಿದ್ದ ಕೇಪು ಸಿಡಿದಾಗ ಬಿಡುಗಡೆಯಾದ ಪಾದರಸ ಹಿತ್ತಾಳೆಯೊಳಗೆ ಇಳಿದು ಅದನ್ನು ಪೆಡಸು ಮಾಡುತ್ತದೆ. ಅಂಥ ಖೋಕಾ ನೋಡಲು ಚೆನ್ನಾಗಿದ್ದರೂ ನಂಬಲು ಯೋಗ್ಯವಲ್ಲ. ಪೊಟ್ಯಾಸಿಯಂ ಕ್ಲೋರೇಟ್ ಇದ್ದ ಕೇಪುಗಳು ಹಿತ್ತಾಳೆಗೆ ಅಷ್ಟು ಕೇಡು ಮಾಡುವುದಿಲ್ಲ. ಆದರೆ ಅವು ಬಿಟ್ಟುಹೋಗುವ ಉಪ್ಪು ಗಾಳಿಯ ತೇವವನ್ನು ಹೀರಿ ಬಂದೂಕಿನ ನಳಿಗೆಗೆ ತುಕ್ಕು ಹಿಡಿಸುತ್ತದೆ. ಉಪ್ಪು ಎಣ್ಣೆಯಲ್ಲಿ ಕರಗುವುದಿಲ್ಲ, ನೀರಿನಲ್ಲಿ ಕರಗುತ್ತದೆ. ಹಳೆಯ ಸೈನಿಕರು ನಳಿಗೆಗೆ ಮೊದಲು ಕುದಿನೀರು ಹುಯ್ದು ಆಮೇಲೆ ಎಣ್ಣೆ ಹಾಕುತ್ತಿದ್ದುದರ ಹಿಂದೆ ಈ ರಸಾಯನವಿದೆ.

ಪ್ರಶ್ನೆ: ನಾನು ನಿವೃತ್ತ ಹವಾಲ್ದಾರ್. ಸೇನೆಯ ತೋಟಾಗಳ ಕುತ್ತಿಗೆಯ ಬಳಿ ನೀಲಿ, ಕಂದು ಮಿಶ್ರವಾದ ಸುಟ್ಟ ಕಲೆಯಂಥದು ಯಾವಾಗಲೂ ಕಾಣುತ್ತಿತ್ತು. ಅದು ದೋಷವೇ? ಹಾಗೆಯೇ, ನನ್ನ ತಂದೆ ಸೇನೆಯಿಂದ ಬಂದವರು ನೆನಪಿಗೆಂದು ಇಟ್ಟುಕೊಂಡಿದ್ದ ನಾಲ್ಕಾರು .303 ಖೋಕಾಗಳು ಕೊಟ್ಟಿಗೆಯ ಅಟ್ಟದ ಮೇಲೆ ಬಹಳ ವರ್ಷ ಇದ್ದವು. ಯಾರೂ ಮುಟ್ಟದಿದ್ದರೂ ಅವುಗಳ ಬಾಯಿ ಉದ್ದಕ್ಕೆ ಸೀಳಿಕೊಂಡಿದೆ. ಇದು ಹೇಗಾಯಿತು?
ಓದುಗ, ಪಾಂಡವಪುರ ತಾಲ್ಲೂಕು

ಉತ್ತರ: ಎರಡು ಪ್ರಶ್ನೆಗಳನ್ನೂ ಒಟ್ಟಿಗೆ ಕೇಳಿ ಬಹಳ ಉಪಕಾರ ಮಾಡಿದಿರಿ, ಒಂದರ ಉತ್ತರ ಇನ್ನೊಂದರಲ್ಲಿದೆ.

ಖೋಕಾ ತಯಾರಾಗುವುದು ಹಿತ್ತಾಳೆಯ ಒಂದು ಬಿಲ್ಲೆಯಿಂದ. ಅದನ್ನು ಬಟ್ಟಲಿನಂತೆ ಒತ್ತಿ, ಮತ್ತೆ ಮತ್ತೆ ಎಳೆದು ಉದ್ದನೆಯ ಕೊಳವೆ ಮಾಡುತ್ತಾರೆ. ತಣ್ಣಗಿರುವಾಗ ಎಳೆದ ಹಿತ್ತಾಳೆ ಗಟ್ಟಿಯಾಗುತ್ತ ಹೋಗುತ್ತದೆ, ಅದರೊಳಗೆ ಬಿಗಿತ ಸೇರಿಕೊಳ್ಳುತ್ತದೆ. ನಾಗಮಂಗಲದ ಲೋಹದ ಕಸುಬಿನವರಿಗೆ ಇದು ಹೊಸ ಮಾತಲ್ಲ: ಬಡಿಯುತ್ತ ಬಡಿಯುತ್ತ ತಗಡು ಬಿರುಸಾದಾಗ ಕುಲುಮೆಗೆ ಹಿಡಿದು ಮೆತ್ತಗೆ ಮಾಡಿಕೊಳ್ಳುತ್ತಾರೆ. ಖೋಕಾದಲ್ಲಿಯೂ ಅಷ್ಟೇ, ಆದರೆ ಇಲ್ಲಿ ತಳ ಗಟ್ಟಿಯಾಗಿಯೇ ಇರಬೇಕು, ಕುತ್ತಿಗೆ ಮತ್ತು ಭುಜ ಮಾತ್ರ ಮೆತ್ತಗಿರಬೇಕು. ಅದಕ್ಕಾಗಿ ಕೊನೆಯ ಹಂತದಲ್ಲಿ ಕುತ್ತಿಗೆಯನ್ನು ಜ್ವಾಲೆಯ ಮುಂದೆ ಹಾಯಿಸುತ್ತಾರೆ. ನೀವು ಕಂಡ ಬಣ್ಣ ಆ ಶಾಖದ ಗುರುತು. ಮಾರುಕಟ್ಟೆಯ ತೋಟಾಗಳಿಗೂ ಈ ಉಪಚಾರ ನಡೆದಿರುತ್ತದೆ, ಆದರೆ ಅಂಗಡಿಯಲ್ಲಿ ಥಳಥಳಿಸಬೇಕೆಂದು ಹೊಳಪು ಕೊಟ್ಟು ಕಲೆ ಅಳಿಸಿಬಿಡುತ್ತಾರೆ. ಸೇನೆ ಅದನ್ನು ಹಾಗೆಯೇ ಬಿಡುತ್ತದೆ, ಉಪಚಾರ ಆಗಿದೆಯೆಂಬುದಕ್ಕೆ ಅದೇ ಸಾಕ್ಷಿ. ಆದ್ದರಿಂದ ಅದು ದೋಷವಲ್ಲ, ಗುಣ.

ಇನ್ನು ನಿಮ್ಮ ತಂದೆಯವರ ಖೋಕಾಗಳ ಬಿರುಕು. ಲೋಹಶಾಸ್ತ್ರದ ಇತಿಹಾಸದಲ್ಲಿ ಹೆಸರಾದ ಒಂದು ಸಮಸ್ಯೆ ನಿಮ್ಮ ಕೊಟ್ಟಿಗೆಯಲ್ಲಿ ಮರುಕಳಿಸಿದಂತೆ ನನಗೆ ಕಾಣುತ್ತದೆ. ಬ್ರಿಟಿಷರ ಕಾಲದಲ್ಲಿ ಭಾರತದಲ್ಲಿದ್ದ ಸೇನೆ ಮಳೆಗಾಲದಲ್ಲಿ ತೋಟಾಗಳನ್ನು ಕುದುರೆ ಲಾಯಗಳಲ್ಲಿ ಇಟ್ಟಾಗ ಅವು ತಾವಾಗಿಯೇ ಬಿರುಕು ಬಿಡುತ್ತಿದ್ದವು. ಮಳೆಗಾಲ ಬಂದಾಗಲೆಲ್ಲ ಹೀಗಾಗುತ್ತಿದ್ದುದರಿಂದ ಋತುವಿನ ಬಿರುಕು ಎಂದೇ ಅದನ್ನು ಕರೆದರು. ಕಾರಣ ಸ್ಪಷ್ಟವಾದದ್ದು 1921ರಲ್ಲಿ, ಮೂರ್, ಬೆಕಿನ್‌ಸೇಲ್ ಮತ್ತು ಮ್ಯಾಲಿನ್‌ಸನ್ ಎಂಬ ಮೂವರು ಸಂಶೋಧಕರಿಂದ. ಕುದುರೆಗಳ ಗಂಜಲದಿಂದ ಏಳುವ ಅಮೋನಿಯಾ, ಗಾಳಿಯ ತೇವ ಮತ್ತು ಎಳೆಯುವಾಗ ಹಿತ್ತಾಳೆಯೊಳಗೆ ಉಳಿದುಕೊಂಡ ಬಿಗಿತ, ಈ ಮೂರೂ ಕೂಡಿದಾಗ ಲೋಹದ ಹರಳುಗಳ ಅಂಚಿನಲ್ಲಿ ಬಿರುಕು ಹೊರಟು ಒಳಗೆ ಹಬ್ಬುತ್ತದೆ. ಬಿಗಿತವೊಂದನ್ನು ಹದವಾದ ಶಾಖದಿಂದ ಇಳಿಸಿಬಿಟ್ಟರೆ ಅಮೋನಿಯಾ ಇದ್ದರೂ ಬಿರುಕು ಹುಟ್ಟದು. ದನದ ಕೊಟ್ಟಿಗೆಯ ಗಾಳಿಯಲ್ಲೂ ಅದೇ ಅಮೋನಿಯಾ ಇದೆ. ಹಾರಿಸಿದ ಖೋಕಾದಲ್ಲಿ ಹೊಡೆತದಿಂದ ಹೊಸ ಬಿಗಿತವೂ ಸೇರಿರುತ್ತದೆ. ಅಷ್ಟು ವರ್ಷಗಳ ಮಳೆಗಾಲಗಳು ಉಳಿದ ಕೆಲಸ ಮಾಡಿವೆ.

ರೀಲೋಡಿಂಗ್ ಮಾಡುವವರು ಕೆಲವು ಹೊಡೆತಗಳಾದ ಮೇಲೆ ಕುತ್ತಿಗೆಯನ್ನು ಮತ್ತೆ ಬಿಸಿ ಮಾಡುವುದೂ ಇದೇ ಕಾರಣಕ್ಕೆ. ಆಗ ಶಾಖ ತಳಕ್ಕೆ ಇಳಿಯಲೇಬಾರದು, ಮೆತ್ತಗಾದ ತಳ ಒತ್ತಡವನ್ನು ತಾಳದು. ಹಾಗೆಯೇ ಅಮೋನಿಯಾ ಇರುವ ಪಾಲಿಶ್ ದ್ರವಗಳಿಂದ ಖೋಕಾವನ್ನು ಉಜ್ಜಬಾರದು. ನಿಮ್ಮಲ್ಲಿ ಉಳಿದಿರುವುದನ್ನು ಶುಚಿ ಮಾಡಬೇಕೆಂದಿದ್ದರೆ, ಮನೆಯ ಹಿತ್ತಾಳೆ ದೀಪಕ್ಕೆ ಮಾಡುವಂತೆ ಹುಣಸೆಹಣ್ಣಿನಿಂದ ಹಗುರವಾಗಿ ತಿಕ್ಕಿ, ನೀರಿನಲ್ಲಿ ಚೆನ್ನಾಗಿ ತೊಳೆದು, ಒರೆಸಿ ಒಣಗಿಸಿ ಮನೆಯೊಳಗೆ ಇಡಿ. ಕೊಟ್ಟಿಗೆಯ ಅಟ್ಟಕ್ಕೆ ಮತ್ತೆ ಏರಿಸಬೇಡಿ.

ಪ್ರಶ್ನೆ: ಎರಕದ ಕೆಲಸಕ್ಕೆ ಗುಜರಿ ಹಿತ್ತಾಳೆ ಕೊಳ್ಳುವಾಗ ಕೆಲವೊಮ್ಮೆ ಇಂಥ ಖೋಕಾಗಳೂ ರಾಶಿಯಲ್ಲಿ ಬರುತ್ತವೆ. ಕರಗಿಸಬಹುದೇ?
ಎರಕದ ಕುಶಲಕರ್ಮಿ, ನಾಗಮಂಗಲ

ಉತ್ತರ: ಲೋಹವಾಗಿ ಅದು ಉತ್ತಮ ದರ್ಜೆಯ ಹಿತ್ತಾಳೆ, ಅದರಲ್ಲಿ ಸಂಶಯವಿಲ್ಲ. ಆದರೆ ರಾಶಿಯಲ್ಲಿ ಸಿಡಿಯದ ಒಂದೇ ಒಂದು ಕೇಪು ಉಳಿದಿದ್ದರೂ ಮೂಸೆಯೊಳಗಿನ ಕಾದ ಲೋಹ ಮುಖಕ್ಕೆ ಎರಚುತ್ತದೆ. ತಳದ ಕೇಪಿನ ಮೇಲೆ ಮೊಳೆಯ ಗುಂಡಿ ಬಿದ್ದಿದ್ದರೆ ಅದು ಸಿಡಿದಿದೆ ಎಂದೂ ನಿಶ್ಚಿಂತರಾಗುವಂತಿಲ್ಲ, ಏಟು ಬಿದ್ದೂ ಸಿಡಿಯದೆ ಉಳಿಯುವ ಕೇಪುಗಳಿವೆ. ಗುಂಡು ಕಚ್ಚಿಕೊಂಡೇ ಇರುವ ತೋಟಾ ಕಂಡರೆ ಅದನ್ನು ಬಿಚ್ಚಲು ಹೋಗದೆ, ಮುಟ್ಟದೆ, ಹತ್ತಿರದ ಪೊಲೀಸ್ ಠಾಣೆಗೆ ತಿಳಿಸಬೇಕು. ಫೈರಿಂಗ್ ರೇಂಜುಗಳ ಬಳಿ ಗುಜರಿ ಆಯುತ್ತಿದ್ದವರು ಸಿಡಿಯದ ಶೆಲ್ಲುಗಳಿಂದ ಜೀವ ಕಳೆದುಕೊಂಡ ಸುದ್ದಿಗಳು ನಮ್ಮ ದೇಶದಲ್ಲಿ ಹೊಸವಲ್ಲ. ಅಂಥ ಮೂಲದ ಮಾಲು ಎಂದು ಅನುಮಾನ ಬಂದರೆ ಕೊಳ್ಳಲೇಬೇಡಿ. ಎಲ್ಲಿಂದ ಬಂತೆಂಬ ರಸೀದಿ ಇಲ್ಲದ ಖೋಕಾ ರಾಶಿ ನಿಮ್ಮ ಕುಲುಮೆಗೂ ಬೇಡ, ನಿಮ್ಮ ಹೆಸರಿಗೂ ಬೇಡ.

ಪ್ರಶ್ನೆ: ನಮ್ಮ ತಂದೆಯವರ ಕಾಲದಿಂದ ಪರವಾನಗಿಯಿರುವ .315 ರೈಫಲ್ ನಮ್ಮ ಮನೆಯಲ್ಲಿದೆ. ತೋಟಾಗಳ ಬೆಲೆ ಕೈಗೆ ನಿಲುಕದಂತಾಗಿದೆ. ಪರಿಚಿತರೊಬ್ಬರು ಸೇನೆಯ ಹಳೆಯ ಖೋಕಾಗಳನ್ನು ತಂದುಕೊಡುತ್ತೇನೆ, ನೀವೇ ತುಂಬಿಸಿಕೊಳ್ಳಿ, ಪರವಾನಗಿ ಹೇಗೂ ಇದೆಯಲ್ಲ ಎನ್ನುತ್ತಾರೆ. ಮಾಡಬಹುದೇ?
ಕೃಷಿಕರು, ಹೆಗ್ಗಡದೇವನಕೋಟೆ ತಾಲ್ಲೂಕು

ಉತ್ತರ: ಖಂಡಿತ ಮಾಡಬೇಡಿ. ಆ ಪರಿಚಿತರು ನಿಮಗೆ ಒಳ್ಳೆಯದನ್ನೇ ಬಯಸಿರಬಹುದು, ಆದರೆ ಅವರ ಸಲಹೆ ನಿಮ್ಮನ್ನು ಜೈಲಿನ ಬಾಗಿಲಿಗೆ ಒಯ್ಯುತ್ತದೆ.

ನಿಮ್ಮ ಕೈಯಲ್ಲಿರುವುದು ಬಂದೂಕನ್ನೂ ನಿಗದಿತ ಸಂಖ್ಯೆಯ ತೋಟಾಗಳನ್ನೂ ಇಟ್ಟುಕೊಳ್ಳುವ ಪರವಾನಗಿ. ಮದ್ದುಗುಂಡು ತಯಾರಿಸುವುದು ಅದಕ್ಕಿಂತ ಬೇರೆಯದೇ ಕೆಲಸ, 1959ರ ಶಸ್ತ್ರಾಸ್ತ್ರ ಕಾಯ್ದೆಯ 5ನೇ ಕಲಮಿನಂತೆ ಅದಕ್ಕೆ ಪ್ರತ್ಯೇಕ ಪರವಾನಗಿ ಬೇಕು. ಅದೇ ಕಾಯ್ದೆಯ 2ನೇ ಕಲಮು ಮದ್ದುಗುಂಡು ಎಂಬುದನ್ನು ವಿವರಿಸುವಾಗ ಅದರ ಬಿಡಿಭಾಗಗಳನ್ನೂ ಅದನ್ನು ತಯಾರಿಸುವ ಯಂತ್ರಗಳನ್ನೂ ಸೇರಿಸಿಕೊಂಡಿದೆ. ಆದ್ದರಿಂದ ಖೋಕಾ ಬರೀ ಹಿತ್ತಾಳೆ, ಡೈ ಬರೀ ಕಬ್ಬಿಣ ಎಂಬ ವಾದ ನಿಲ್ಲುವುದಿಲ್ಲ. 2019ರ ತಿದ್ದುಪಡಿಯ ನಂತರ ಪರವಾನಗಿಯಿಲ್ಲದ ತಯಾರಿಕೆಗೆ ಕನಿಷ್ಠ ಏಳು ವರ್ಷಗಳಿಂದ ಜೀವಾವಧಿಯವರೆಗೆ ಶಿಕ್ಷೆಯಿದೆ. ಮದ್ದನ್ನು ಕೊಳ್ಳುವುದು, ಕೂಡಿಡುವುದು 1884ರ ಸ್ಫೋಟಕಗಳ ಕಾಯ್ದೆಯ ಕೆಳಗೂ ಬರುತ್ತದೆ. ಶ್ರೀರಂಗಪಟ್ಟಣದಲ್ಲಿ ಟಿಪ್ಪುವಿನ ಕಾಲದ ಮದ್ದಿನ ಮನೆಗಳನ್ನು ನೋಡಿದವರಿಗೆ, ದಪ್ಪ ಗೋಡೆ ಕಟ್ಟಿ ಅರ್ಧ ನೆಲದೊಳಗೆ ಇಳಿಸಿದ ಆ ಕಟ್ಟಡಗಳು ಮದ್ದನ್ನು ಜನವಸತಿಯಿಂದ ಎಷ್ಟು ಎಚ್ಚರದಿಂದ ದೂರವಿಡುತ್ತಿದ್ದರೆಂಬುದನ್ನು ಹೇಳುತ್ತವೆ. ಅದನ್ನು ಮಲಗುವ ಕೋಣೆಯ ಬೀರುವಿನಲ್ಲಿ ಇಡುವುದನ್ನು ಯಾವ ಕಾನೂನೂ ಒಪ್ಪದು.

ನೆರೆಯ ಕೊಡಗಿನಲ್ಲಿ ಬಂದೂಕಿಗೆ ಪರವಾನಗಿಯೇ ಬೇಡವಲ್ಲ ಎಂದು ಕೆಲವರು ವಾದಿಸುವುದುಂಟು. ಕೊಡವರಿಗೂ ಜಮ್ಮಾ ಎಂಬ ವಂಶಪಾರಂಪರ್ಯದ ಭೂಮಿಯ ಹಿಡುವಳಿದಾರರಿಗೂ ಇರುವ ವಿನಾಯಿತಿ ಬಂದೂಕನ್ನು ಇಟ್ಟುಕೊಳ್ಳುವುದಕ್ಕೆ ಸಂಬಂಧಿಸಿದ್ದೇ ಹೊರತು ಮದ್ದುಗುಂಡು ತಯಾರಿಸುವುದಕ್ಕಲ್ಲ.

ಕಾನೂನನ್ನು ಬದಿಗಿಟ್ಟರೂ ಈ ಸಲಹೆ ತಾಂತ್ರಿಕವಾಗಿ ತಪ್ಪು. ಸೇನೆಯ .303 ಬಂದೂಕು ನಾಗರಿಕರ ಕೈಸೇರಬಾರದೆಂಬ ಬ್ರಿಟಿಷರ ಕಾಲದ ಧೋರಣೆಯಿಂದಾಗಿಯೇ ಇಲ್ಲಿ .315 ಪ್ರಚಾರಕ್ಕೆ ಬಂತು. ಅದರ ತೋಟಾ ಬೇರೆ ಮೂಲದ್ದು, ತಳದ ಅಂಚಿನ ಅಳತೆಯೂ ಬೇರೆ. ಸೇನೆಯ .303 ಆಗಲಿ, 7.62 ಆಗಲಿ, 5.56 ಆಗಲಿ ನಿಮ್ಮ ರೈಫಲ್ಲಿಗೆ ಹೊಂದುವುದಿಲ್ಲ, ಹೊಂದುವಂತೆ ಒತ್ತಲು, ತಿದ್ದಲು ಹೋದರೆ ಮೊದಲ ಪತ್ರಕ್ಕೆ ಉತ್ತರಿಸುವಾಗ ಹೇಳಿದ ಅಪಾಯಗಳೆಲ್ಲ ಒಟ್ಟಿಗೆ ಬಂದು ಕೂರುತ್ತವೆ. ಅದಲ್ಲದೆ ಸೇನೆಯಲ್ಲಿ ಪೊಲೀಸರಲ್ಲಿ ಖೋಕಾಗಳಿಗೆ ಕಟ್ಟುನಿಟ್ಟಾದ ಲೆಕ್ಕವಿದೆ. ಎನ್‌ಸಿಸಿ ಫೈರಿಂಗ್ ಮುಗಿದ ಮೇಲೆ ಹುಡುಗರು ಮಂಡಿಯೂರಿ ಹುಲ್ಲಿನಲ್ಲಿ ತಡಕಾಡುತ್ತ ಕೊನೆಯ ಖೋಕಾ ಸಿಗುವವರೆಗೆ ಮೈದಾನ ಬಿಡುವುದಿಲ್ಲ. ಹಾಗಿರುವಾಗ ನಿಮ್ಮ ಪರಿಚಿತರ ಕೈಗೆ ಅವು ಹೇಗೆ ಬಂದವು ಎಂಬ ಪ್ರಶ್ನೆಯನ್ನು ಪೊಲೀಸರು ಮೊದಲು ನಿಮ್ಮನ್ನೇ ಕೇಳುತ್ತಾರೆ. ಪರವಾನಗಿಯಿರುವ ಅಂಗಡಿಯಿಂದ ಕಾರ್ಖಾನೆಯ ತೋಟಾವನ್ನೇ ಕೊಳ್ಳಿ, ಬೆಲೆ ಹೆಚ್ಚಾಯಿತೆಂದರೆ ಕಡಿಮೆ ಕೊಳ್ಳಿ.

ಪ್ರಶ್ನೆ: ತಾತನವರ ಟ್ರಂಕಿನಲ್ಲಿ ಎರಡು .303 ಖೋಕಾಗಳು ಸಿಕ್ಕಿವೆ. ತಳದಲ್ಲಿ ಕೆಎಫ್ ಎಂಬ ಇಂಗ್ಲಿಷ್ ಅಕ್ಷರಗಳಿವೆ. ಒಂದನ್ನು ನಾನು ಮೇಜಿನ ಮೇಲೆ ಇಟ್ಟುಕೊಂಡು, ಇನ್ನೊಂದನ್ನು ದೆಹಲಿಯಲ್ಲಿರುವ ತಮ್ಮನಿಗೆ ಒಯ್ಯಬೇಕೆಂದಿದ್ದೇನೆ. ಇದರಲ್ಲಿ ತಪ್ಪೇನಾದರೂ ಇದೆಯೇ?
ಗೃಹಿಣಿ, ಕುವೆಂಪುನಗರ, ಮೈಸೂರು

ಉತ್ತರ: ಕೆಎಫ್ ಎಂಬುದು ಪುಣೆಯ ಬಳಿಯ ಖಡ್ಕಿಯ ಮದ್ದುಗುಂಡು ಕಾರ್ಖಾನೆಯ ಮುದ್ರೆ, ಬ್ರಿಟಿಷರು ಆ ಊರನ್ನು ಕಿರ್ಕೀ ಎನ್ನುತ್ತಿದ್ದರು. ನಿಮ್ಮ ಖೋಕಾದ ಒಡಲಲ್ಲಿ ಒಂದು ಕಾಲಕ್ಕೆ ಕಾರ್ಡೈಟ್ ಎಂಬ, ಸಣ್ಣ ಶಾವಿಗೆಯ ಎಳೆಗಳಂಥ ಮದ್ದಿನ ಕಟ್ಟು ಇದ್ದಿರಬಹುದು. ಕುತ್ತಿಗೆ ಕಿರಿದಾದ ಮೇಲೆ ಆ ಕಟ್ಟು ಒಳಗೆ ಹೋಗದಾದ್ದರಿಂದ ಮೊದಲು ಮದ್ದಿಟ್ಟು ಆಮೇಲೆ ಕುತ್ತಿಗೆಯನ್ನು ಒತ್ತುತ್ತಿದ್ದರು. ಅಂಥ ತೋಟಾವನ್ನು ಅದೇ ಕ್ರಮದಲ್ಲಿ ಮತ್ತೆ ತುಂಬಿಸುವುದು ಯಾರಿಗೂ ಸಾಧ್ಯವಿರಲಿಲ್ಲ.

ಮೇಜಿನ ಮೇಲಿಡುವುದರ ಮಟ್ಟಿಗೆ, ಶಸ್ತ್ರಾಸ್ತ್ರ ಕಾಯ್ದೆಯ 45ನೇ ಕಲಮು ನಿಮಗೆ ಆಸರೆಯಾಗಿದೆ: ಪೂರಕ ಭಾಗಗಳೊಡನೆ ಸೇರಿಸಿ ಬಳಸುವ ಉದ್ದೇಶವಿಲ್ಲದ, ಮದ್ದುಗುಂಡಿನ ಸಣ್ಣಪುಟ್ಟ ಬಿಡಿಭಾಗಗಳಿಗೆ ಕಾಯ್ದೆ ಅನ್ವಯಿಸುವುದಿಲ್ಲ. ಎರಡು ನೆನಪಿನ ಖೋಕಾಗಳು ಬೇರೆ, ಡೈ, ಕೇಪು, ಮದ್ದುಗಳ ಜೊತೆಗೆ ಸಿಕ್ಕ ಒಂದು ಚೀಲ ಖೋಕಾಗಳು ಬೇರೆ. ಆದರೂ ಕೇಪು ಸಿಡಿದಿದೆಯೇ, ಒಳಗೆ ಏನೂ ಇಲ್ಲವೇ ಎಂಬುದನ್ನು ತಿಳಿದ ನಿವೃತ್ತ ಸೈನಿಕರೊಬ್ಬರಿಂದ ನೋಡಿಸಿಕೊಳ್ಳಿ, ನೀವಾಗಿ ಕೊರೆಯಲು ಅಥವಾ ಕಾಯಿಸಲು ಹೋಗಬೇಡಿ.

ವಿಮಾನದಲ್ಲಿ ಒಯ್ಯುವುದು ಬೇಡ. ಕೈಚೀಲದಲ್ಲಾಗಲಿ ಸರಕಿನ ಪೆಟ್ಟಿಗೆಯಲ್ಲಾಗಲಿ ಎಕ್ಸ್‌ರೇ ಯಂತ್ರದ ಪರದೆಯ ಮೇಲೆ ಅದು ತೋಟಾದ ಆಕಾರವಾಗಿಯೇ ಕಾಣುತ್ತದೆ, 45ನೇ ಕಲಮನ್ನು ಭದ್ರತಾ ಸಿಬ್ಬಂದಿಗೆ ವಿವರಿಸುತ್ತ ನಿಂತರೆ ವಿಮಾನ ಹೊರಟುಹೋಗಿರುತ್ತದೆ. ಅಂಚೆ, ಕೊರಿಯರ್ ಕೂಡ ಬೇಡ. ಸದ್ಯಕ್ಕೆ ಎರಡನ್ನೂ ನಿಮ್ಮಲ್ಲಿಯೇ ಇಟ್ಟುಕೊಂಡು, ತಮ್ಮನಿಗೆ ತಳದ ಮುದ್ರೆ ಸ್ಪಷ್ಟವಾಗಿ ಕಾಣುವಂತೆ ತೆಗೆದ ಒಂದು ಫೋಟೋ ಕಳುಹಿಸಿ.